ಮಕ್ಕಳು ಕೇಳಲಿ ಅಂತ ಕಾಯಬೇಡಿ, ನೀವೇ ಮೊದಲು ಹೇಳಿ

ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ವಿಜಯನಗರದ ನನ್ನ ಮಕ್ಕಳ ಕ್ಲಿನಿಕ್‌ಗೆ ಬರುವವರ ಮಾತೇ ಬದಲಾಗುತ್ತದೆ. ತಾಯಿ ಮಗುವಿನ ನೆಗಡಿ ತೋರಿಸುತ್ತಾರೆ, ಚೀಟಿ ಬರೆಸಿಕೊಳ್ಳುತ್ತಾರೆ, ಎದ್ದು ಬಾಗಿಲವರೆಗೂ ಹೋಗುತ್ತಾರೆ. ಆಮೇಲೆ ಮಗುವನ್ನು ಹೊರಗೆ ಕೂರಿಸಿ ಒಬ್ಬರೇ ವಾಪಸ್ ಬಂದು "ಡಾಕ್ಟ್ರೇ, ಇನ್ನೊಂದು ವಿಷಯ ಕೇಳಬೇಕಿತ್ತು" ಅಂತ ದನಿ ತಗ್ಗಿಸುತ್ತಾರೆ. ನಿಜವಾಗಿ ಅವರು ಬಂದದ್ದೇ ಆ ಇನ್ನೊಂದು ವಿಷಯಕ್ಕೆ. ಈ ತಿಂಗಳು ಪತ್ರಿಕೆಗೆ ಬಂದ ಪತ್ರಗಳಲ್ಲೂ ಅದೇ ಜಾಸ್ತಿ: 9ರಿಂದ 14 ವರ್ಷದ ಮಕ್ಕಳ ಮೈ ಬದಲಾಗುವುದು, ಮನಸ್ಸು ಬದಲಾಗುವುದು. ಅದಕ್ಕೇ ಈ ಸಲದ ಅಂಕಣ ಪೂರ್ತಿ ಅದರ ಬಗ್ಗೆಯೇ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮಗಳಿಗೆ 9 ವರ್ಷ, ನಾಲ್ಕನೇ ಕ್ಲಾಸ್. ಎಡಗಡೆ ಎದೆಯಲ್ಲಿ ಮಾತ್ರ ಸಣ್ಣ ಗಂಟು ಇದೆ, ಮುಟ್ಟಿದರೆ ನೋವು ಅಂತಾಳೆ. ಬಲಗಡೆ ಏನೂ ಇಲ್ಲ. ಕ್ಯಾನ್ಸರ್ ಇರಬಹುದಾ ಅಂತ ನನಗೆ ರಾತ್ರಿ ನಿದ್ದೆ ಇಲ್ಲ. ನಮ್ಮತ್ತೆ "ಪ್ಯಾಕೆಟ್ ಹಾಲು, ಕೋಳಿ ಎಲ್ಲ ನಿಲ್ಲಿಸು, ಅದರಿಂದಲೇ ಮಕ್ಕಳು ಬೇಗ ದೊಡ್ಡವರಾಗ್ತಿರೋದು" ಅಂತಾರೆ. ಇಷ್ಟು ಬೇಗ ಮುಟ್ಟಾಗಿಬಿಡ್ತಾಳಾ? (ತಾಯಿ, ಬಸವೇಶ್ವರನಗರ)

ಉತ್ತರ: ಮೊದಲು ನಿದ್ದೆ ಮಾಡಿ. ಹೆಣ್ಣುಮಕ್ಕಳ ಮೈ ಬೆಳೆಯುವುದು ಹೀಗೇ ಶುರುವಾಗುತ್ತದೆ. ಮೊಲೆತೊಟ್ಟಿನ ಕೆಳಗೆ ಒಂದು ಗಟ್ಟಿ ಗಂಟು ಬರುತ್ತದೆ. ಒತ್ತಿದರೆ ನೋಯುತ್ತದೆ, ಓಡುವಾಗ ಬಟ್ಟೆ ತಗುಲಿದರೂ ನೋಯುತ್ತದೆ. ಒಂದು ಕಡೆ ಮೊದಲು ಬಂದು, ಇನ್ನೊಂದು ಕಡೆ ಕೆಲವು ತಿಂಗಳು ತಡವಾಗಿ ಬರುವುದು ತುಂಬಾ ಮಕ್ಕಳಲ್ಲಿ ಇದ್ದದ್ದೇ. ಅದು ಕ್ಯಾನ್ಸರ್ ಅಲ್ಲ. ಚರ್ಮ ಕೆಂಪಾಗಿ ಬಿಸಿಯಾದರೆ, ಕೀವು ಅಥವಾ ರಕ್ತ ಬಂದರೆ ಡಾಕ್ಟರಿಗೆ ತೋರಿಸಿ.

ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಗಾಬರಿಯಲ್ಲಿ ಆ ಗಂಟನ್ನು ಕೊಯ್ದು ತೆಗೆಸಲು ಅಥವಾ ಸೂಜಿ ಹಾಕಿಸಿ ಪರೀಕ್ಷೆ ಮಾಡಿಸಲು ಹೋಗಬೇಡಿ. ಮುಂದೆ ಮೊಲೆ ಬೆಳೆಯಬೇಕಾದದ್ದು ಅದೇ ಗಂಟಿನಿಂದ. ಅದನ್ನು ತೆಗೆದರೆ ಆ ಕಡೆ ಬೆಳವಣಿಗೆಯೇ ನಿಂತುಹೋಗಬಹುದು. ಮನೆಯಲ್ಲಿ ದಿನಾ ಒತ್ತಿ ನೋಡುವುದು, ಅಜ್ಜಿಗೆ, ಚಿಕ್ಕಮ್ಮನಿಗೆ ಕರೆದು ತೋರಿಸುವುದೂ ಬೇಡ. ಅವಳಿಗೆ ನಾಚಿಕೆಯಾಗುತ್ತದೆ, ನೋವೂ ಜಾಸ್ತಿಯಾಗುತ್ತದೆ.

ಹೆಣ್ಣುಮಕ್ಕಳಲ್ಲಿ ಈ ಬದಲಾವಣೆ 8ರಿಂದ 13 ವರ್ಷದ ಒಳಗೆ ಯಾವಾಗ ಬೇಕಾದರೂ ಶುರುವಾಗಬಹುದು. ನಿಮ್ಮ ಮಗಳು ಅದರೊಳಗೇ ಇದ್ದಾಳೆ. ಗಂಟು ಕಾಣಿಸಿಕೊಂಡು ಸಾಮಾನ್ಯವಾಗಿ ಎರಡು, ಎರಡೂವರೆ ವರ್ಷಕ್ಕೆ ಮುಟ್ಟು ಬರುತ್ತದೆ. ಅಂದರೆ ನಿಧಾನವಾಗಿ ಎಲ್ಲ ಹೇಳಿಕೊಡಲು ನಿಮಗೆ ಸಮಯ ಇದೆ. 8 ತುಂಬುವ ಮೊದಲೇ ಗಂಟು ಬಂದಿದ್ದರೆ ಅಥವಾ ಕೆಲವೇ ತಿಂಗಳಲ್ಲಿ ಎಲ್ಲವೂ ದಡಬಡ ಅಂತ ಬದಲಾಗುತ್ತಿದ್ದರೆ ಮಾತ್ರ ತೋರಿಸಬೇಕು. ಆಗ ಡಾಕ್ಟರ್ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತಾರೆ, ರಕ್ತ ಪರೀಕ್ಷೆ ಮಾಡಿಸುತ್ತಾರೆ. "ಮುಟ್ಟು ಮುಂದೂಡುವ ಇಂಜೆಕ್ಷನ್ ಇದೆಯಂತಲ್ಲ, ಹಾಕಿಬಿಡಿ" ಅಂತ ಕೇಳುವವರು ಈಗ ಜಾಸ್ತಿಯಾಗಿದ್ದಾರೆ. ಆ ಇಂಜೆಕ್ಷನ್ ಇರುವುದು ನಿಜವಾಗಿಯೂ ಅಕಾಲದಲ್ಲಿ ಮೈನೆರೆಯುತ್ತಿರುವ ಪುಟ್ಟ ಮಕ್ಕಳಿಗೆ. ಸರಿಯಾದ ವಯಸ್ಸಿನಲ್ಲಿ ಬೆಳೆಯುತ್ತಿರುವ ಮಗುವಿಗೆ ಅದು ಬೇಡ.

ಹಾಲು ನಿಲ್ಲಿಸಬೇಡಿ. ಮೂಳೆ ಬೆಳೆಯುವ ವಯಸ್ಸು ಇದು. ಹಾಲು, ಮೊಸರು, ರಾಗಿ ಎಲ್ಲವೂ ಬೇಕು. ಫಾರಂ ಕೋಳಿ ಬೇಗ ಬೆಳೆಯುವುದು ಅದರ ತಳಿಯಿಂದ, ಮೇವಿನಿಂದ. ಅದನ್ನು ತಿಂದ ಹುಡುಗಿ ಬೇಗ ಮುಟ್ಟಾಗುವುದಿಲ್ಲ. ಆದರೆ ಮೈತೂಕ ಜಾಸ್ತಿ ಇರುವ ಹೆಣ್ಣುಮಕ್ಕಳಲ್ಲಿ ಎಲ್ಲ ಸ್ವಲ್ಪ ಬೇಗ ಶುರುವಾಗುತ್ತದೆ, ಅದು ನಿಜ. ಶಾಲೆಯಿಂದ ಬಂದ ತಕ್ಷಣ ಬೇಕರಿ ಪಫ್ಸ್, ಚಿಪ್ಸ್, ಆಮೇಲೆ ಟ್ಯೂಷನ್, ಆಮೇಲೆ ಟಿ.ವಿ., ನಮ್ಮ ಬೆಂಗಳೂರಿನ ಮಕ್ಕಳ ಸಂಜೆ ಹೀಗೇ ಕಳೆದುಹೋಗುತ್ತದೆ. ಅದರಲ್ಲಿ ಒಂದು ಗಂಟೆ ಆಟಕ್ಕೆ ಬಿಡಿ. ಅವಳ ಮುಂದೆ "ದಪ್ಪ" ಅನ್ನುವ ಮಾತು ಮಾತ್ರ ಯಾರೂ ಆಡಬಾರದು.

ಮೆತ್ತನೆಯ ಹತ್ತಿ ಸ್ಲಿಪ್ ಎರಡು ತನ್ನಿ. ಕೊಡುವಾಗಲೇ ಹೇಳಿ: "ನಿನ್ನ ಮೈ ಬೆಳೆಯೋಕೆ ಶುರು ಮಾಡಿದೆ. ಇದು ಅದರ ಮೊದಲ ಗುರುತು. ನನಗೂ ಹೀಗೇ ಆಗಿತ್ತು. ನೋವು ತಾನಾಗೇ ಕಡಿಮೆಯಾಗುತ್ತೆ." ಇವತ್ತಿಗೆ ಇಷ್ಟು ಸಾಕು.

ಪ್ರಶ್ನೆ: ನಾನು ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುತ್ತೇನೆ. ಹೆಂಡತಿ ತೀರಿಕೊಂಡಿದ್ದಾಳೆ. ಮನೆಯಲ್ಲಿ ನಾನು, 11 ವರ್ಷದ ಮಗಳು, ನನ್ನ ತಂದೆ. ಮಗಳಿಗೆ ಮುಟ್ಟಿನ ವಿಷಯ ಹೇಗೆ ಹೇಳುವುದು ಗೊತ್ತಾಗುತ್ತಿಲ್ಲ. ಹಾಸನದಲ್ಲಿರುವ ಅಕ್ಕ "ಆ ಟೈಮ್ ಬಂದಾಗ ನಾನೇ ಬಂದು ಹೇಳ್ತೀನಿ, ನೀನು ಸುಮ್ನಿರು" ಅಂತಾರೆ. ಗಂಡಸು ಹೇಳಿದರೆ ತಪ್ಪಾ? (ಒಬ್ಬ ತಂದೆ)

ಉತ್ತರ: ತಪ್ಪಲ್ಲ ಸಾರ್. ನೀವೇ ಹೇಳಬೇಕು, ಅದೂ ಈ ತಿಂಗಳೇ. ನಿಮ್ಮ ಅಕ್ಕನ ಪ್ರೀತಿ ದೊಡ್ಡದು, ಆದರೆ ಮುಟ್ಟು ಅವರು ಬಸ್ ಹತ್ತಿ ಬರುವವರೆಗೆ ಕಾಯುವುದಿಲ್ಲ. ಅದು ಗಣಿತದ ಟೆಸ್ಟ್ ನಡುವೆ ಬರಬಹುದು, ಶಾಲೆಯ ವ್ಯಾನಿನಲ್ಲಿ ಬರಬಹುದು. ಮೊದಲೇ ಗೊತ್ತಿಲ್ಲದ ಹುಡುಗಿ ಚಡ್ಡಿಯಲ್ಲಿ ರಕ್ತ ನೋಡಿ ತನಗೇನೋ ದೊಡ್ಡ ರೋಗ ಬಂತು ಅಂದುಕೊಳ್ಳುತ್ತಾಳೆ. ಯಾರಿಗೂ ಹೇಳದೆ ಬಟ್ಟೆ ಬಚ್ಚಿಟ್ಟ ಮಕ್ಕಳನ್ನು ನಾನು ನೋಡಿದ್ದೇನೆ. ತಾಯಿ ಇರುವ ಮನೆಯ ಮಕ್ಕಳೇ ಅವರು.

ಒಂದು ಭಾನುವಾರ ಬೆಳಿಗ್ಗೆ ತಿಂಡಿ ಆದಮೇಲೆ ಕೂತುಕೊಳ್ಳಿ. ಹಿಂದಿನ ದಿನ ಮೆಡಿಕಲ್ ಸ್ಟೋರಿನಲ್ಲಿ ಒಂದು ಪ್ಯಾಕೆಟ್ ಪ್ಯಾಡ್ ತಂದಿಟ್ಟಿರಿ. ಅಂಗಡಿಯವರು ಕಪ್ಪು ಕವರಿನಲ್ಲಿ ಹಾಕಿ ಕೊಟ್ಟರೆ ಆ ಕವರ್ ಮನೆಗೆ ತರಬೇಡಿ, ಅಲ್ಲೇ ವಾಪಸ್ ಕೊಡಿ. ಬಚ್ಚಿಟ್ಟು ತಂದ ವಸ್ತು ಅಂತ ಅವಳಿಗೆ ಅನ್ನಿಸಬಾರದು. ವರ್ಕ್‌ಶಾಪಿಗೆ ಹೊಸದಾಗಿ ಸೇರಿದ ಹುಡುಗನಿಗೆ ಮೆಷಿನ್ ಮುಂದೆ ನಿಲ್ಲಿಸಿ, ಕೈಯಲ್ಲಿ ಹಿಡಿದು ತೋರಿಸಿ ಹೇಳಿಕೊಡುತ್ತೀರಲ್ಲ, ಹಾಗೇ ಹೇಳಿಕೊಡಿ. ಮುಜುಗರ ಅನ್ನಿಸಿದರೆ ಅದನ್ನೂ ಹೇಳಿಬಿಡಿ: "ನನಗೂ ಸ್ವಲ್ಪ ಸಂಕೋಚ ಪುಟ್ಟಿ, ಆದರೂ ನೀನು ತಿಳ್ಕೊಬೇಕು."

ಮಾತು ಸರಳವಾಗಿರಲಿ. ಹೆಣ್ಣುಮಕ್ಕಳ ಹೊಟ್ಟೆಯ ಕೆಳಭಾಗದಲ್ಲಿ ಗರ್ಭಕೋಶ ಇದೆ. ಅದರ ಒಳಗೆ ತಿಂಗಳಿಗೊಮ್ಮೆ ಒಂದು ಮೆತ್ತನೆಯ ಪದರ ಬೆಳೆಯುತ್ತದೆ, ಬೇಡವಾದಾಗ ರಕ್ತದ ಜೊತೆ ಹೊರಗೆ ಬರುತ್ತದೆ. ಅದು ಕೆಟ್ಟ ರಕ್ತ ಅಲ್ಲ, ಕೊಳಕೂ ಅಲ್ಲ. ಮೊದಲ ಸಲ ಕಂದು ಬಣ್ಣದ ಕಲೆ ಮಾತ್ರ ಕಾಣಬಹುದು. "ಎಷ್ಟು ರಕ್ತ ಹೋಗುತ್ತೆ?" ಅಂತ ಎಲ್ಲ ಮಕ್ಕಳೂ ಕೇಳುತ್ತಾರೆ. ಐದಾರು ದಿನಕ್ಕೆ ಒಟ್ಟು ಹೋಗುವುದು ಸಾಮಾನ್ಯವಾಗಿ 30ರಿಂದ 40 ಮಿಲಿ. ಒಂದು ಲೋಟಕ್ಕೆ ಅಷ್ಟು ನೀರು ಹಾಕಿ ತೋರಿಸಿ, ಅರ್ಧ ಭಯ ಅಲ್ಲೇ ಹೋಗುತ್ತದೆ.

ಆಮೇಲೆ ಪ್ಯಾಡ್ ಬಿಚ್ಚಿ. ಹಿಂದಿನ ಕಾಗದ ತೆಗೆದು, ಅಂಟಿರುವ ಕಡೆಯನ್ನು ಒಗೆದ ಚಡ್ಡಿಯ ಮೇಲೆ ಅಂಟಿಸಿ ತೋರಿಸಿ. ಅಂಟು ಬಟ್ಟೆಗೆ, ಮೆತ್ತನೆಯ ಕಡೆ ಮೈಗೆ. ಇದನ್ನು ಉಲ್ಟಾ ಮಾಡಿಕೊಂಡು ನೋವು ತಿಂದ ಮಕ್ಕಳಿದ್ದಾರೆ, ಯಾಕಂದ್ರೆ ಅವರಿಗೆ ಯಾರೂ ತೋರಿಸಿರಲಿಲ್ಲ. ಇನ್ನೊಂದನ್ನು ಅವಳ ಕೈಯಲ್ಲೇ ಅಂಟಿಸಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು, ಕಲೆ ಕಡಿಮೆ ಇದ್ದರೂ ಬದಲಾಯಿಸಬೇಕು. ಬಳಸಿದ್ದನ್ನು ಸುತ್ತಿ ಹಳೇ ನ್ಯೂಸ್‌ಪೇಪರಿನಲ್ಲಿ ಮಡಚಿ, ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಹಸಿ ಕಸ ಒಣ ಕಸ ಎರಡರಲ್ಲೂ ಸೇರಿಸದೆ ಬೇರೆಯಾಗಿ ಕೊಡಬೇಕು. ಕಸ ತೆಗೆದುಕೊಳ್ಳುವ ಪೌರಕಾರ್ಮಿಕರು ಅದನ್ನು ಕೈಯಲ್ಲಿ ಬಿಚ್ಚುವಂತಾಗಬಾರದು. ಈ ಕಾರಣವನ್ನೂ ಹೇಳಿ, ಮಕ್ಕಳಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ಟಾಯ್ಲೆಟ್ಟಿಗೆ ಹಾಕಿ ಫ್ಲಶ್ ಮಾಡಲೇಬಾರದು.

ಸ್ಕೂಲ್ ಬ್ಯಾಗಿನ ಒಳಜೇಬಿಗೆ ಒಂದು ಪೌಚ್ ಮಾಡಿಕೊಡಿ: ಎರಡು ಪ್ಯಾಡ್, ಒಂದು ಚಡ್ಡಿ, ಒಂದಿಷ್ಟು ಪೇಪರ್, ಒಂದು ಕವರ್. ಕ್ಲಾಸ್ ಟೀಚರ್ ಜೊತೆ ಒಂದು ಮಾತು ಆಡಿಡಿ. ಮಗಳು ಸರ್ಕಾರಿ ಶಾಲೆಯಲ್ಲಿದ್ದರೆ ಶುಚಿ ಯೋಜನೆಯ ಪ್ಯಾಡ್ ಕೊಡುತ್ತಾರಾ ಅಂತ ಕೇಳಿ. ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ನುಂಗಲು ಹೇಳಿ. ಊಟ ಆದ ತಕ್ಷಣ ಕಾಫಿ, ಟೀ ಕುಡಿದರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿದರೆ ಚೆನ್ನಾಗಿ ಹತ್ತುತ್ತದೆ.

ಮೊದಲ ಎರಡು ವರ್ಷ ಮುಟ್ಟು ಲೆಕ್ಕಕ್ಕೆ ಸರಿಯಾಗಿ ಬರುವುದಿಲ್ಲ. 21 ದಿನಕ್ಕೂ ಬರಬಹುದು, 45 ದಿನಕ್ಕೂ ಬರಬಹುದು. ಏಳು ದಿನ ದಾಟಿದರೆ, ಒಂದೆರಡು ಗಂಟೆಗೇ ಪ್ಯಾಡ್ ಪೂರ್ತಿ ನೆನೆದರೆ, ಒಮ್ಮೆ ಬಂದು ಮೂರು ತಿಂಗಳು ಬರದೇ ಹೋದರೆ ಡಾಕ್ಟರಿಗೆ ತೋರಿಸಿ. ಹೊಟ್ಟೆನೋವಿಗೆ ಬಿಸಿನೀರಿನ ಬ್ಯಾಗ್ ಇಡಿ. ಶಾಲೆ ತಪ್ಪಿಸುವಷ್ಟು ನೋವಿದ್ದರೆ ಸಹಿಸಿಕೋ ಅನ್ನಬೇಡಿ, ಅದಕ್ಕೆ ಮಾತ್ರೆ ಇದೆ. ಡಾಕ್ಟರ್ ಹೇಳಿದಷ್ಟು ಕೊಟ್ಟರೆ ಮುಂದೆ ಮಕ್ಕಳಾಗಲು ಅದರಿಂದ ಏನೂ ತೊಂದರೆಯಿಲ್ಲ.

ನಿಮ್ಮ ತಂದೆಯವರ ಹತ್ತಿರವೂ ಮೊದಲೇ ಮಾತಾಡಿ. ಆ ದಿನಗಳಲ್ಲಿ "ಅಲ್ಲಿ ಕೂರಬೇಡ, ಇದನ್ನು ಮುಟ್ಟಬೇಡ" ಅನ್ನುವ ಮಾತು ನಿಮ್ಮ ಮನೆಯಲ್ಲಿ ಬರಬಾರದು. ಅಕ್ಕ ಬರಲಿ, ಖಂಡಿತ ಬರಲಿ. ಅತ್ತೆಯ ಹತ್ತಿರ ಕೇಳುವ ಪ್ರಶ್ನೆಗಳು ಬೇರೆಯೇ ಇರುತ್ತವೆ. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೆ ಒಂದು ದಿನ ಸಂಬಳದ ಮುಟ್ಟಿನ ರಜೆ ಕೊಡಲು ಒಪ್ಪಿತು. ಮಂತ್ರಿಗಳು ಕೂತು ಮಾತಾಡಿದ ವಿಷಯವನ್ನು ಅಪ್ಪ ಮಗಳ ಹತ್ತಿರ ಮಾತಾಡುವುದರಲ್ಲಿ ಯಾವ ತಪ್ಪೂ ಇಲ್ಲ.

ಪ್ರಶ್ನೆ: ಹೋದ ವಾರ ಮಗಳು ದೊಡ್ಡವಳಾದಳು. 12 ವರ್ಷ. ಮಂಡ್ಯದಲ್ಲಿರುವ ನಮ್ಮತ್ತೆ ಸೋದರಮಾವನ ಕೈಲಿ ಗುಡ್ಲು ಹಾಕಿಸಿ, ಇಲ್ಲಿ ಪಾರ್ಟಿ ಹಾಲ್ ಬುಕ್ ಮಾಡಿ ಆರತಿ ಮಾಡಬೇಕು ಅಂತಿದ್ದಾರೆ. ಮಗಳು "ಯಾರಿಗಾದ್ರೂ ಹೇಳಿದ್ರೆ ಸ್ಕೂಲಿಗೇ ಹೋಗಲ್ಲ" ಅಂತ ಅಳ್ತಿದ್ದಾಳೆ. ನಾನು ಇಬ್ಬರ ನಡುವೆ ಸಿಕ್ಕಿಕೊಂಡಿದ್ದೇನೆ. (ತಾಯಿ, ಕತ್ರಿಗುಪ್ಪೆ)

ಉತ್ತರ: ಹಾಲ್ ಬುಕ್ ಮಾಡಬೇಡಿ. ಇದು ಮಗಳ ಮೈಯ ಸುದ್ದಿ. ಯಾರಿಗೆ ಹೇಳಬೇಕು ಅನ್ನುವುದು ಅವಳಿಗೆ ಬಿಟ್ಟದ್ದು. ಮನೆಯ ಹುಡುಗಿ ಮದುವೆಯ ವಯಸ್ಸಿಗೆ ಬಂದಿದ್ದಾಳೆ ಅಂತ ನೆಂಟರಿಷ್ಟರಿಗೆ ತಿಳಿಸುವ ಕಾಲದಲ್ಲಿ ಹುಟ್ಟಿದ ಶಾಸ್ತ್ರ ಅದು. ಈಗ ಅವಳು ಏಳನೇ ಕ್ಲಾಸ್ ಓದುವ ಮಗು, ಕಾನೂನಿನ ಪ್ರಕಾರ ಮದುವೆಗೆ 18 ಆಗಬೇಕು. ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ರೇಷ್ಮೆ ಲಂಗದ ಫೋಟೊ ಬಂದರೆ ಮಾರನೇ ದಿನ ಅವಳ ಕ್ಲಾಸಿನ ಹುಡುಗರಿಗೂ ಗೊತ್ತಾಗುತ್ತದೆ. ಅವಳು ಅಳುತ್ತಿರುವುದು ಅದಕ್ಕೇ.

ಆದರೆ ನಿಮ್ಮತ್ತೆಯ ಮನಸ್ಸನ್ನೂ ನೋಡಿ. ಮೊಮ್ಮಗಳಿಗೆ ಏನಾದರೂ ಮಾಡಬೇಕು ಅನ್ನುವ ಆಸೆ ಅವರದು. ಅದಕ್ಕೆ ದಾರಿ ಕೊಡಿ. ಅಜ್ಜಿ ಬರಲಿ, ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡಲಿ, ಕೊಬ್ಬರಿ ಬೆಲ್ಲ ಕೊಡಲಿ, ತಲೆಗೆ ಎಣ್ಣೆ ಹಚ್ಚಿ ನೀರು ಹಾಕಲಿ. ಎಳ್ಳಿನಲ್ಲಿ ಕ್ಯಾಲ್ಸಿಯಂ, ಕಬ್ಬಿಣ ಎರಡೂ ಇದೆ, ಒಳ್ಳೆಯ ತಿಂಡಿಯೇ. ಮಗಳು ಒಪ್ಪಿದರೆ ಮನೆಮಂದಿಯಷ್ಟೇ ಸೇರಿ ಒಂದು ಆರತಿ ಎತ್ತಿ. ಒಪ್ಪದಿದ್ದರೆ ಅದೂ ಬೇಡ. ಮೂಲೆಯಲ್ಲಿ ಚಾಪೆ ಹಾಕಿ ಕೂರಿಸುವುದು, ಬೇರೆ ತಟ್ಟೆ ಬೇರೆ ಲೋಟ, ಮೊಸರು ತಿನ್ನಬೇಡ ಅನ್ನುವುದು, ವಾರಗಟ್ಟಲೆ ಶಾಲೆ ಬಿಡಿಸುವುದು, ಇವಕ್ಕೆ ಮಾತ್ರ ಖಡಾಖಂಡಿತವಾಗಿ ಇಲ್ಲ ಅನ್ನಿ. ಅತ್ತೆಗೆ ಈ ಮಾತು ನಿಮ್ಮ ಯಜಮಾನರು ಹೇಳಲಿ. ಅವರ ತಾಯಿ, ಅವರ ಮಗಳು. ಸೊಸೆಯ ತಲೆಗೆ ಇದನ್ನು ಕಟ್ಟುವುದು ಸರಿಯಲ್ಲ.

ಪ್ರಶ್ನೆ: ಮಗನಿಗೆ 13. ಎದೆ ಸ್ವಲ್ಪ ಉಬ್ಬಿದೆ, ಒಳಗೆ ಗಂಟಿನ ಹಾಗೆ ಸಿಗುತ್ತದೆ. ಸ್ವಿಮ್ಮಿಂಗ್ ಬಿಟ್ಟಿದ್ದಾನೆ. ಸೆಕೆಯಲ್ಲೂ ಟೀ ಶರ್ಟ್ ಮೇಲೆ ಜಾಕೆಟ್ ಹಾಕಿಕೊಂಡೇ ಇರುತ್ತಾನೆ. (ತಾಯಿ, ಯಲಹಂಕ)

ಉತ್ತರ: ಜಾಕೆಟ್ ನೋಡಿ ನೀವು ವಿಷಯ ಹಿಡಿದಿರಲ್ಲ, ತುಂಬಾ ಒಳ್ಳೆಯದಾಯಿತು. ಗಂಡುಮಕ್ಕಳ ಬಗ್ಗೆ ಬರುವ ಪತ್ರಗಳೇ ಕಡಿಮೆ. ಹೆಣ್ಣುಮಕ್ಕಳಿಗೆ ಮುಟ್ಟಿನ ನೆಪದಲ್ಲಾದರೂ ಯಾರೋ ಒಬ್ಬರು ಕೂರಿಸಿಕೊಂಡು ಹೇಳುತ್ತಾರೆ. ಗಂಡುಮಕ್ಕಳಿಗೆ ಯಾರೂ ಹೇಳುವುದಿಲ್ಲ. ಅವರು ಎಲ್ಲವನ್ನೂ ಒಳಗೇ ಇಟ್ಟುಕೊಂಡು ಒದ್ದಾಡುತ್ತಾರೆ.

ಈ ವಯಸ್ಸಿನಲ್ಲಿ ಸುಮಾರು ಅರ್ಧದಷ್ಟು ಹುಡುಗರಿಗೆ ಎದೆ ಹೀಗೆ ಉಬ್ಬುತ್ತದೆ. ಹಾರ್ಮೋನುಗಳು ಏರುಪೇರಾಗುವ ಹೊತ್ತು ಇದು, ಗಂಡುಮಕ್ಕಳ ಮೈಯಲ್ಲೂ ಸ್ವಲ್ಪ ಈಸ್ಟ್ರೋಜನ್, ಅಂದರೆ ಹೆಣ್ಣಿನ ಹಾರ್ಮೋನು, ಇರುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗೇ ಇಳಿದುಹೋಗುತ್ತದೆ. ಅವನು ಹುಡುಗಿಯಾಗುತ್ತಿಲ್ಲ, ಯಾವ ಕಾಯಿಲೆಯೂ ಇಲ್ಲ. ಈ ಎರಡು ಮಾತು ಅವನ ಕಿವಿಗೆ ಬೀಳಲೇಬೇಕು, ಯಾಕಂದ್ರೆ ಅವನ ಭಯ ಅದೇ. ಎಣ್ಣೆ ತಿಕ್ಕುವುದು, ಆನ್‌ಲೈನಿನಲ್ಲಿ ಸಿಗುವ ಕ್ರೀಮು, ಬಿಗಿಯಾಗಿ ಬಟ್ಟೆ ಕಟ್ಟುವುದು ಏನೂ ಬೇಡ. ತುಂಬಾ ದೊಡ್ಡದಾದರೆ, ತೊಟ್ಟಿನಿಂದ ನೀರು ಬಂದರೆ, ಎರಡು ವರ್ಷ ಕಳೆದರೂ ಇಳಿಯದಿದ್ದರೆ, ಅಥವಾ ಬೇರೆ ಕಾಯಿಲೆಗೆ ದಿನಾ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಸ್ವಿಮ್ಮಿಂಗ್ ಬಿಡಿಸಬೇಡಿ. ಮೈಗೆ ಅಂಟುವ ಸ್ವಿಮ್ಮಿಂಗ್ ಟೀ ಶರ್ಟ್ ಸಿಗುತ್ತದೆ, ಗಾಢ ಬಣ್ಣದ್ದು ಕೊಡಿಸಿ. ಕೋಚ್ ಹತ್ತಿರ ನೀವೇ ಮೊದಲು ಹೋಗಿ ಮಾತಾಡಿ. ಹಬ್ಬಕ್ಕೆ ಸೇರಿದ ಚಿಕ್ಕಪ್ಪ, ಭಾವ ಯಾರಾದರೂ ಇದನ್ನು ತಮಾಷೆ ಮಾಡಿದರೆ ಅಲ್ಲೇ, ಅವನ ಎದುರಿಗೇ ನಿಲ್ಲಿಸಿ. ಮನೆಯವರು ತನ್ನ ಪರ ನಿಂತದ್ದು ಅವನಿಗೆ ಕಾಣಬೇಕು.

ಪ್ರಶ್ನೆ: ಎಂಟನೇ ಕ್ಲಾಸಿನ ಮಗ ಒಂದೊಂದು ದಿನ ಬೆಳಿಗ್ಗೆ ತಾನೇ ಬೆಡ್‌ಶೀಟ್ ಒಗೆದು ಹಾಕುತ್ತಾನೆ. ಕೇಳಿದರೆ ಸಿಟ್ಟು. ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದಾನಾ? (ಊರು ಬರೆದಿಲ್ಲ)

ಉತ್ತರ: ಅದು ಮೂತ್ರ ಆಗಿರಲಾರದು ತಾಯಿ. ಈ ವಯಸ್ಸಿನಲ್ಲಿ ನಿದ್ದೆಯಲ್ಲಿ ವೀರ್ಯ ಹೋಗುತ್ತದೆ, ಅದಕ್ಕೆ ಸ್ವಪ್ನಸ್ಖಲನ ಅನ್ನುತ್ತಾರೆ. ಮೈ ಸರಿಯಾಗಿ ಬೆಳೆಯುತ್ತಿದೆ ಅಂತ ಅರ್ಥ. ಅದರಿಂದ ಶಕ್ತಿ ಹೋಗುವುದಿಲ್ಲ, ಓದು ಹಾಳಾಗುವುದಿಲ್ಲ, ಬಣ್ಣ ಕೆಡುವುದಿಲ್ಲ. ಗೋಡೆಗಳ ಮೇಲೆ ಅಂಟಿಸಿರುವ "ಗುಪ್ತರೋಗ" ಪೋಸ್ಟರುಗಳನ್ನು ನೋಡಿ ಹುಡುಗರು ಹೆದರಿ, ಇದ್ದ ಪಾಕೆಟ್ ಮನಿಯನ್ನೆಲ್ಲ ಅಲ್ಲಿ ಸುರಿಯುತ್ತಾರೆ. ಅದಕ್ಕೆ ಮೊದಲು ಅಪ್ಪ ಅಥವಾ ಸೋದರಮಾವ ಐದು ನಿಮಿಷ ಮಾತಾಡಲಿ. ನೀವು ಬೆಡ್‌ಶೀಟ್ ವಿಷಯ ಎತ್ತಲೇಬೇಡಿ. ಒಗೆದದ್ದು ಎರಡು ಜಾಸ್ತಿ ಅವನ ಬೀರುವಿನಲ್ಲಿ ಇಡಿ.

ಪ್ರಶ್ನೆ: ಮಗನ ಮೊಬೈಲಿನಲ್ಲಿ ಅಸಹ್ಯವಾದ ವಿಡಿಯೊ ಸಿಕ್ಕಿತು. ಕ್ಲಾಸಿನ ಹುಡುಗರ ಗ್ರೂಪಿನಲ್ಲಿ ಬಂದದ್ದಂತೆ. ಯಜಮಾನರು ಹೊಡೆದು ಫೋನ್ ಕಿತ್ತುಕೊಂಡರು. ಈಗ ಅವನು ನಮ್ಮಿಬ್ಬರ ಜೊತೆಗೂ ಮಾತು ಬಿಟ್ಟಿದ್ದಾನೆ. (ತಾಯಿ, ಬನಶಂಕರಿ)

ಉತ್ತರ: ನಿಮ್ಮ ಗಾಬರಿ ಅರ್ಥವಾಗುತ್ತದೆ. ಆದರೆ ಹೊಡೆತದಿಂದ ಅವನು ಕಲಿತದ್ದು ಒಂದೇ, ಮುಂದಿನ ಸಲ ಸಿಕ್ಕಿಹಾಕಿಕೊಳ್ಳಬಾರದು. ಯಜಮಾನರು ಅವನ ಹತ್ತಿರ ಹೋಗಿ "ಹೊಡೆದದ್ದು ತಪ್ಪಾಯಿತು, ಆದರೆ ಈ ವಿಷಯ ಮಾತಾಡಲೇಬೇಕು" ಅನ್ನಲಿ. ಮಾತು ಅಲ್ಲಿಂದ ಶುರುವಾಗಲಿ.

ಈ ವಯಸ್ಸಿನಲ್ಲಿ ಕುತೂಹಲ ಇರುವುದು ಸಹಜ, ಅದಕ್ಕೆ ಅವನನ್ನು ಕೆಟ್ಟವನು ಅನ್ನಬೇಡಿ. ಹೇಳಬೇಕಾದದ್ದು ಇಷ್ಟು. ಆ ವಿಡಿಯೊಗಳು ನಟನೆ, ದುಡ್ಡಿಗೋಸ್ಕರ ಮಾಡಿದ್ದು. ಅದರಲ್ಲಿ ಪ್ರೀತಿ ಇಲ್ಲ, ಎದುರಿಗಿರುವವರನ್ನು ಒಂದು ಮಾತು ಕೇಳುವುದಿಲ್ಲ, ಒಪ್ಪಿಗೆ ಅನ್ನುವುದೇ ಇಲ್ಲ. ನಿಜವಾದ ಮೈಗಳು ಹಾಗಿರುವುದಿಲ್ಲ, ನಿಜವಾದ ಸಂಬಂಧಗಳೂ ಹಾಗಿರುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಿ: ಕ್ಲಾಸಿನ ಯಾವುದೇ ಹುಡುಗಿಯ, ಹುಡುಗನ ಅಂಥ ಫೋಟೊ ಬಂದರೆ ಫಾರ್ವರ್ಡ್ ಮಾಡಬಾರದು, ಇಟ್ಟುಕೊಳ್ಳಲೂಬಾರದು, ತಕ್ಷಣ ನಿಮಗೆ ಹೇಳಬೇಕು. 18 ವರ್ಷದೊಳಗಿನ ಮಕ್ಕಳ ಅಂಥ ಚಿತ್ರ ಹಂಚುವುದು 2012ರ ಪೋಕ್ಸೊ ಕಾಯ್ದೆಯಲ್ಲೂ ಐಟಿ ಕಾಯ್ದೆಯಲ್ಲೂ ಅಪರಾಧ. ಯಾರಾದರೂ ದೊಡ್ಡವರು ಅವನಿಗೆ ಫೋಟೊ ಕಳಿಸು ಅಂತ ಕೇಳಿದ್ದರೆ, ಬೆದರಿಸಿದ್ದರೆ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಫೋನ್ ವಾಪಸ್ ಕೊಡಿ, ಆದರೆ ನಿಯಮ ಮಾಡಿ. ರಾತ್ರಿ ಒಂಬತ್ತೂವರೆಗೆ ಮನೆಯವರೆಲ್ಲರ ಫೋನೂ ಹಾಲಿನಲ್ಲಿ ಚಾರ್ಜಿಗೆ. ಎಲ್ಲರದ್ದೂ ಅಂದೆ, ನಿಮ್ಮ ಯಜಮಾನರದ್ದೂ ಸೇರಿ.

ಪ್ರಶ್ನೆ: 13ರ ಮಗಳು ರೂಮಿನ ಬಾಗಿಲು ಹಾಕಿಕೊಂಡು ಕೂರುತ್ತಾಳೆ. ರಾತ್ರಿ 12ರವರೆಗೂ ಎಚ್ಚರ, ಬೆಳಿಗ್ಗೆ ಎಬ್ಬಿಸುವುದೇ ಯುದ್ಧ. (ತಂದೆ, ರಾಜಾಜಿನಗರ)

ಉತ್ತರ: ಬಾಗಿಲು ಹಾಕಿಕೊಳ್ಳಲಿ ಬಿಡಿ, ನೀವು ತಟ್ಟಿ ಒಳಗೆ ಹೋಗುವ ಅಭ್ಯಾಸ ಮಾಡಿಕೊಳ್ಳಿ. ನಿದ್ದೆ ತಡವಾಗುವುದು ಸೋಮಾರಿತನದಿಂದಲ್ಲ. ಈ ವಯಸ್ಸಿನಲ್ಲಿ ಮಿದುಳಿನಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನು ಒಂದೆರಡು ಗಂಟೆ ತಡವಾಗಿ ಬರುತ್ತದೆ. ಆದರೆ ನಿದ್ದೆ 8ರಿಂದ 10 ಗಂಟೆ ಬೇಕೇ ಬೇಕು. ಬೆಳಿಗ್ಗೆ ಆರೂವರೆಗೆ ಸ್ಕೂಲ್ ಬಸ್ ಹತ್ತುವ ಮಗುವಿಗೆ ಅದು ಹೇಗೆ ಸಿಗಬೇಕು? ಬೆಳಗಿನ ಟ್ಯೂಷನ್ ಇದ್ದರೆ ಬಿಡಿಸಿ. ನನ್ನ ಮಾತು ಕಟುವಾಗಿರಬಹುದು, ಆದರೆ ನಿದ್ದೆಗೆಟ್ಟು ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಭಾನುವಾರ ಒಂದು ಗಂಟೆ ಜಾಸ್ತಿ ಮಲಗಲಿ.

ಇಷ್ಟೇ ಆಗಿದ್ದರೆ ಚಿಂತೆ ಬೇಡ. ಎರಡು ವಾರ ದಾಟಿದರೂ ಗೆಳತಿಯರ ಜೊತೆ ಮಾತಿಲ್ಲ, ಊಟ ಸೇರುತ್ತಿಲ್ಲ, ಮಾರ್ಕ್ಸ್ ದಿಢೀರ್ ಇಳಿದಿದೆ, ಅಥವಾ ಒಂದೇ ಸಲವಾದರೂ ಕೈ ಮೇಲೆ ಗೀರಿದ ಗುರುತು ಕಂಡಿದೆ, "ನಾನು ಇರಬಾರದಿತ್ತು" ಅನ್ನುವ ಮಾತು ಬಂದಿದೆ ಅಂದರೆ ಒಂದು ದಿನವೂ ತಡ ಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ಪ್ರಶ್ನೆ: ಮೊಡವೆಗೆ ಪಕ್ಕದ ಮನೆಯವರು ಒಂದು ಕ್ರೀಮ್ ಹೇಳಿದರು. ಮಗಳ ಮುಖ ಒಂದೇ ವಾರದಲ್ಲಿ ಬೆಳ್ಳಗಾಯಿತು. ಮುಂದುವರಿಸಬಹುದಾ? (ತಾಯಿ, ಕೆಂಗೇರಿ)

ಉತ್ತರ: ಇವತ್ತೇ ಹಾಕುವುದನ್ನು ನಿಲ್ಲಿಸಿ, ಟ್ಯೂಬ್ ತೆಗೆದುಕೊಂಡು ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಒಂದೇ ವಾರದಲ್ಲಿ ಬೆಳ್ಳಗೆ ಮಾಡುವ ಕ್ರೀಮುಗಳಲ್ಲಿ ಸ್ಟೆರಾಯ್ಡ್ ಇರುವುದು ಜಾಸ್ತಿ. ಅದು ಚರ್ಮ ತೆಳುವಾಗಿಸಿ, ಕೂದಲು ಬರಿಸಿ, ಮೊಡವೆಯನ್ನು ಇನ್ನೂ ಹೆಚ್ಚು ಮಾಡುತ್ತದೆ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸೋಲ್ ಅಂತ ಏನಾದರೂ ಬರೆದಿದೆಯಾ ನೋಡಿ. ಮುಖಕ್ಕೆ ದಿನಕ್ಕೆರಡು ಸಲ ಮೃದುವಾದ ಸೋಪು, ಬರೀ ನೀರು ಸಾಕು. ಮೊಡವೆ ಚಿವುಟಬಾರದು.

ಪ್ರಶ್ನೆ: ಡಾಕ್ಟರ್ ಆಂಟಿ, ಅಮ್ಮ ಓದಿ ಮಡಗಿದ ಪತ್ರಿಕೆಯಲ್ಲಿ ನಿಮ್ಮ ಅಂಕಣ ನೋಡಿದೆ. ನನಗೆ 13. ಕ್ಲಾಸಲ್ಲಿ ನಾನೇ ಗಿಡ್ಡ. ಹುಡುಗಿಯರೂ ನನಗಿಂತ ಎತ್ತರ. ಪ್ರೇಯರ್‌ನಲ್ಲಿ ಯಾವಾಗಲೂ ಮೊದಲನೇ ಸಾಲು. ಹಾಲಿಗೆ ಹಾಕುವ ಪೌಡರ್ ಕುಡಿದರೆ ಎತ್ತರ ಆಗ್ತೀನಾ? (ಒಬ್ಬ ಹುಡುಗ)

ಉತ್ತರ: ನೀನೇ ಪೆನ್ನು ಹಿಡಿದು ಬರೆದೆಯಲ್ಲ ಪುಟ್ಟ, ತುಂಬಾ ಖುಷಿಯಾಯಿತು. ಹುಡುಗಿಯರು ಸರಸರ ಅಂತ ಬೆಳೆಯುವುದು ಹೆಚ್ಚಾಗಿ 11, 12ನೇ ವಯಸ್ಸಿನಲ್ಲಿ. ಹುಡುಗರು ಸುಮಾರು ಎರಡು ವರ್ಷ ತಡ. ಕೆಲವರಿಗೆ 14 ದಾಟಿದ ಮೇಲೆ ಶುರುವಾಗುತ್ತದೆ, ಆಗ ಒಂದೇ ವರ್ಷದಲ್ಲಿ 8ರಿಂದ 10 ಸೆಂಟಿಮೀಟರ್ ಬೆಳೆಯುತ್ತಾರೆ. ಪೌಡರ್ ಕುಡಿದು ಯಾರೂ ಎತ್ತರ ಆಗುವುದಿಲ್ಲ, ಅದರಲ್ಲಿ ಸಕ್ಕರೆಯೇ ಜಾಸ್ತಿ. ಮುದ್ದೆ, ಮೊಟ್ಟೆ, ಬೇಳೆ, ಕಾಳು, ಹಾಲು ಚೆನ್ನಾಗಿ ತಿನ್ನು. ನಿದ್ದೆ ಮಾಡು. ಗೂಟಕ್ಕೆ ಜೋತುಬೀಳುವುದರಿಂದಲೂ ಎತ್ತರ ಹೆಚ್ಚುವುದಿಲ್ಲ, ಆದರೆ ಇಷ್ಟ ಇದ್ದರೆ ಆಡು.

ನೀನು ಎಷ್ಟು ಎತ್ತರ ಆಗಬಹುದು ಅಂತ ಅಂದಾಜು ಮಾಡುವ ಲೆಕ್ಕ ಇದೆ. ಅಪ್ಪನ ಎತ್ತರ, ಅಮ್ಮನ ಎತ್ತರ ಸೆಂಟಿಮೀಟರಿನಲ್ಲಿ ಕೂಡಿಸಿ, ಅದಕ್ಕೆ 13 ಸೇರಿಸಿ, ಎರಡರಿಂದ ಭಾಗಿಸು. ಅದರ ಆಚೆ ಈಚೆ ಏಳೆಂಟು ಸೆಂಟಿಮೀಟರ್ ಒಳಗೆ ಬಹಳಷ್ಟು ಹುಡುಗರು ನಿಲ್ಲುತ್ತಾರೆ. ಈಗ ಒಂದು ಕೆಲಸ ಮಾಡು. ಚಪ್ಪಲಿ ಬಿಚ್ಚಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲು. ಅಮ್ಮ ತಲೆಯ ಮೇಲೆ ಒಂದು ಗಟ್ಟಿ ಪುಸ್ತಕ ಅಡ್ಡ ಇಟ್ಟು ಪೆನ್ಸಿಲಿನಲ್ಲಿ ಗೀರು ಹಾಕಲಿ, ಪಕ್ಕದಲ್ಲಿ ತಾರೀಖು ಬರೆಯಲಿ. ಆರು ತಿಂಗಳಾದ ಮೇಲೆ ಮತ್ತೆ ಅಳೆಯಿರಿ. ಒಂದು ವರ್ಷಕ್ಕೆ 4 ಸೆಂಟಿಮೀಟರ್‌ಗಿಂತ ಕಡಿಮೆ ಬೆಳೆದಿದ್ದರೆ, ಅಥವಾ 14 ತುಂಬಿದರೂ ಬೀಜ ದೊಡ್ಡದಾಗುವುದು, ಕೆಳಗೆ ಕೂದಲು ಬರುವುದು ಏನೂ ಶುರುವಾಗದಿದ್ದರೆ ಅಮ್ಮನಿಗೆ ಹೇಳಿ ಡಾಕ್ಟರ್ ಹತ್ತಿರ ಹೋಗು. ಗೋಡೆಯ ಮೇಲಿನ ಅಳತೆಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗು, ಅವರಿಗೆ ಬೇಕಾಗುತ್ತದೆ.